ಅಲೆ ಎದ್ದದ್ದು ಎಲ್ಲಿಂದ?

ಮನುಷ್ಯನ ಮಿದುಳಿನ ವಿದ್ಯುತ್ ಅಲೆ (ಇಇಜಿ) ಮೊದಲ ಸಲ ದಾಖಲಾದಾಗ ಚಾನೆಲ್‌ಗಳ ಪಟ್ಟಿ ಬೇಕಿರಲಿಲ್ಲ. ಇದ್ದದ್ದೇ ಒಂದು ಚಾನೆಲ್. ಜರ್ಮನಿಯ ಯೇನಾದ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಈ ಕೆಲಸ ಶುರುಮಾಡಿದರು. ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಹಣೆಯ ಮೇಲೊಂದು, ತಲೆಯ ಹಿಂಭಾಗದಲ್ಲೊಂದು ಎಲೆಕ್ಟ್ರೋಡ್ ಇಟ್ಟು, ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಅವರು ಅಳೆಯುತ್ತಿದ್ದರು. ಅಂಥ ಒಂದು ಅಳತೆಯೇ ಒಂದು ಚಾನೆಲ್. ಕಣ್ಣು ಮುಚ್ಚಿ ಕೂತವರಲ್ಲಿ ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ಅಲೆ ಕಂಡಿತು. ಇಡೀ ಮಿದುಳು ಒಟ್ಟಾಗಿ ಹೀಗೆ ಮಿಡಿಯುತ್ತದೆ ಎಂದು ಬರ್ಗರ್ ನಂಬಿದರು. ಒಂದೇ ಚಾನೆಲ್ ಇದ್ದವರಿಗೆ ಬೇರೆ ರೀತಿ ಯೋಚಿಸಲು ಆಧಾರವಾದರೂ ಎಲ್ಲಿತ್ತು?

ಆಧಾರ ಸಿಕ್ಕಿದ್ದು ಕೇಂಬ್ರಿಜ್‌ನಲ್ಲಿ. ಎಡ್ಗರ್ ಏಡ್ರಿಯನ್ ಮತ್ತು ಬ್ರಯನ್ ಮ್ಯಾಥ್ಯೂಸ್ 1934ರಲ್ಲಿ ಬರ್ಗರ್ ಕಂಡ ಅಲೆ ನಿಜವೆಂದು ಖಚಿತಪಡಿಸಿದರು. ಜೊತೆಗೆ ಅದು ಏಳುವುದು ತಲೆಯ ಹಿಂಭಾಗದಿಂದ, ದೃಷ್ಟಿಗೆ ಸಂಬಂಧಿಸಿದ ಕಡೆಯಿಂದ ಎಂದೂ ತೋರಿಸಿದರು. ಎರಡು ವರ್ಷದ ನಂತರ ಗ್ರೇ ವಾಲ್ಟರ್ ಎಂಬ ಸಂಶೋಧಕ, ಮಿದುಳಿನ ಗಡ್ಡೆಯ ಸುತ್ತ ನಿಧಾನದ ಅಲೆಗಳು ಏಳುತ್ತವೆ, ಅವನ್ನು ಹಿಡಿದು ಗಡ್ಡೆಯ ಜಾಗ ಗುರುತಿಸಬಹುದು ಎಂದು ತೋರಿಸಿದರು. ಅಲೆಯ ಆಕಾರ ಗೊತ್ತಾದರೆ ಸಾಲದು, ಅದು ಎಲ್ಲಿಂದ ಬಂತು ಎಂಬುದೂ ಗೊತ್ತಾಗಬೇಕು. ನನ್ನ ಪಾಲಿಗೆ ಇಇಜಿಯ ಎರಡನೆಯ ಆವಿಷ್ಕಾರ ಇದು.

ಚಾನೆಲ್‌ಗಳು ಹೆಚ್ಚಿದಂತೆ ಗೊಂದಲವೂ ಹೆಚ್ಚಿತು. ಒಂದೊಂದು ಪ್ರಯೋಗಾಲಯ ತನಗೆ ತೋಚಿದ ಕಡೆ ಎಲೆಕ್ಟ್ರೋಡ್ ಇಟ್ಟು, ತನಗೆ ತೋಚಿದ ಹೆಸರಿಡುತ್ತಿತ್ತು. 1947ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಒಂದೇ ಪದ್ಧತಿ ಬೇಕೆಂದು ತೀರ್ಮಾನಿಸಿತು. ಮಾಂಟ್ರಿಯಲ್‌ನ ಹರ್ಬರ್ಟ್ ಜಾಸ್ಪರ್ ರೂಪಿಸಿದ ಆ ಪದ್ಧತಿ 1958ರಲ್ಲಿ ಅಚ್ಚಾಯಿತು. ಅದೇ ಇಂದಿನ 10-20 ಪದ್ಧತಿ.

ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು. ಮೂಗಿನ ಬುಡದಿಂದ ನೆತ್ತಿಯ ಮೇಲೆ ಹಾಯಿಸಿ, ತಲೆಯ ಹಿಂದಿನ ಉಬ್ಬಿನವರೆಗೆ ಅಳೆಯಬೇಕು. ಆ ಉದ್ದದ ಶೇ. 10ರಷ್ಟು ದೂರಕ್ಕೆ ಮೊದಲ ಗುರುತು, ಆಮೇಲೆ ಶೇ. 20ಕ್ಕೊಂದರಂತೆ ಉಳಿದವು. ಅಳತೆ ಸೆಂಟಿಮೀಟರಿನಲ್ಲಿಲ್ಲ, ಪಾಲಿನಲ್ಲಿದೆ. ಹಾಗಾಗಿ ಮಗುವಿನ ತಲೆಯಾದರೂ ದೊಡ್ಡವರ ತಲೆಯಾದರೂ ಸಿ3 ಎಂಬ ಗುರುತು ಹೆಚ್ಚುಕಡಿಮೆ ಅದೇ ಭಾಗದ ಮೇಲೆ ಬೀಳುತ್ತದೆ. ಅಕ್ಷರ ಮಿದುಳಿನ ಭಾಗವನ್ನು ಹೇಳುತ್ತದೆ. ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ, ಝಡ್ ಬಂದರೆ ನಟ್ಟನಡುವೆ. ಎರಡು ಮೂರು ಅಕ್ಷರದಲ್ಲಿ ಇಷ್ಟೆಲ್ಲ ತಿಳಿಯುತ್ತದೆ.

ಅಳತೆ ಕಾಗದದಿಂದ ಕಂಪ್ಯೂಟರಿಗೆ ಬಂದಾಗ ಹೆಸರುಗಳ ಕಷ್ಟ ಮತ್ತೆ ತಲೆಯೆತ್ತಿತು. ನಿದ್ರೆಯ ಅಧ್ಯಯನ ಮಾಡುತ್ತಿದ್ದ ಯುರೋಪಿನ ಕೆಲವು ಎಂಜಿನಿಯರರಿಗೆ ಒಬ್ಬರ ದತ್ತಾಂಶ ಇನ್ನೊಬ್ಬರ ಯಂತ್ರದಲ್ಲಿ ತೆರೆಯಬೇಕಿತ್ತು. ಅವರು ಒಪ್ಪಿಕೊಂಡ ಸರಳ ವಿನ್ಯಾಸ ಇಡಿಎಫ್ ಎಂಬ ಹೆಸರಿನಲ್ಲಿ 1992ರಲ್ಲಿ ಪ್ರಕಟವಾಯಿತು. ಫೈಲಿನ ಮೊದಲ 256 ಬೈಟ್‌ಗಳಲ್ಲಿ ದಿನಾಂಕ, ಸಮಯದಂಥ ವಿವರಗಳಿರುತ್ತವೆ. ಅವುಗಳ ಕೊನೆಯ ನಾಲ್ಕು ಬೈಟ್ ಒಟ್ಟು ಎಷ್ಟು ಸಿಗ್ನಲ್‌ಗಳಿವೆ ಎಂದು ಹೇಳುತ್ತವೆ. ಅಲ್ಲಿಂದ ಮುಂದೆ ಒಂದೊಂದು ಸಿಗ್ನಲಿನ ಹೆಸರಿಗೆ 16 ಅಕ್ಷರದ ಜಾಗ. ಚಾನೆಲ್ ಪಟ್ಟಿ ಕೊಡುವ ಸಾಫ್ಟ್‌ವೇರ್ ಓದಬೇಕಾದದ್ದು ಇಷ್ಟೇ. ಗಂಟೆಗಟ್ಟಲೆ ದಾಖಲೆಯನ್ನು ಅದು ಮುಟ್ಟಬೇಕಿಲ್ಲ.

ಆದರೆ ಆ 16 ಅಕ್ಷರದಲ್ಲಿ ಏನು ಬರೆದರೂ ಫೈಲು ಹಿಡಿಸಿಕೊಳ್ಳುತ್ತದೆ. ಫಿಸಿಯೋನೆಟ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಗುವ, 109 ಸ್ವಯಂಸೇವಕರಿಂದ 64 ಎಲೆಕ್ಟ್ರೋಡ್‌ಗಳಲ್ಲಿ ಪಡೆದ ಸಂಗ್ರಹವೊಂದಿದೆ. ಅದರ ಪಟ್ಟಿ ತೆಗೆದರೆ ಸಿ3 ಎಂಬ ಹೆಸರಿನ ಕೊನೆಗೆ ಎರಡು ಚುಕ್ಕಿಗಳು ಕಾಣುತ್ತವೆ. ಹೆಸರು ನಾಲ್ಕಕ್ಷರ ತುಂಬಲಿ ಎಂದು ಸೇರಿಸಿದವು. ಚುಕ್ಕಿಯಿಲ್ಲದ ಸಿ3 ಹುಡುಕುವ ಪ್ರೋಗ್ರಾಂಗೆ ಅದು ಸಿಗುವುದೇ ಇಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಅಪಸ್ಮಾರದ ಸಂಗ್ರಹದಲ್ಲಿ ಇನ್ನೊಂದು ಸೋಜಿಗವಿದೆ. ಅಲ್ಲಿನ ಎಷ್ಟೋ ಫೈಲುಗಳಲ್ಲಿ 23 ಚಾನೆಲ್‌ಗಳಿವೆ. ಅವುಗಳಲ್ಲಿ 15ನೆಯದೂ ಟಿ8-ಪಿ8 (ಟಿ8, ಪಿ8 ಎಲೆಕ್ಟ್ರೋಡ್‌ಗಳ ನಡುವಿನ ವ್ಯತ್ಯಾಸ), 23ನೆಯದೂ ಟಿ8-ಪಿ8. ಮೂರನೆಯದು ಟಿ7-ಪಿ7, 19ನೆಯದು ಪಿ7-ಟಿ7: ಅದೇ ವ್ಯತ್ಯಾಸ, ಚಿಹ್ನೆ ಮಾತ್ರ ತಿರುಗಿದೆ. ಎಂಎನ್‌ಇ ಎಂಬ ಪೈಥಾನ್ ಸಾಫ್ಟ್‌ವೇರ್ ಇಂಥ ಫೈಲನ್ನು ತೆರೆಯುವಾಗ ಎಚ್ಚರಿಕೆ ಕೊಟ್ಟು, ಒಂದೇ ಹೆಸರಿನ ಎರಡಕ್ಕೂ ಬಾಲಕ್ಕೆ 0, 1 ಎಂದು ಸೇರಿಸುತ್ತದೆ. ಹೆಸರು ಬೇರೆಯಾಯಿತು, ಜಾಗ ಒಂದೇ ಉಳಿಯಿತು. ಇದು ತಿಳಿಯದೆ ಲೆಕ್ಕ ಹಾಕಿದವರು ಮಿದುಳಿನ ಒಂದೇ ಜಾಗವನ್ನು ಎರಡು ಸಲ ಎಣಿಸುತ್ತಾರೆ.

ಹೆಸರುಗಳ ಪದ್ಧತಿಯೂ ನಿಂತಲ್ಲೇ ನಿಂತಿಲ್ಲ. ಜಾಸ್ಪರ್ ಕೊಟ್ಟ ಟಿ3, ಟಿ4 ಎಂಬ ಹೆಸರುಗಳನ್ನು ಅಮೆರಿಕದ ಇಇಜಿ ಸೊಸೈಟಿ 1991ರಲ್ಲಿ ಟಿ7, ಟಿ8 ಎಂದು ಬದಲಿಸಿತು. ಇಂದಿಗೂ ಎರಡೂ ಬಳಕೆಯಲ್ಲಿವೆ. ಫೈಲಿನ ವಿನ್ಯಾಸವೂ ಬೆಳೆದಿದೆ: ಇಡಿಎಫ್‌ನ ಮುಂದಿನ ರೂಪವಾದ 2003ರ ಇಡಿಎಫ್ ಪ್ಲಸ್‌ನಲ್ಲಿ ಟಿಪ್ಪಣಿಗಳೂ ಒಂದು ಸಿಗ್ನಲ್ ಆಗಿಯೇ ಕೂರುತ್ತವೆ. ಹೀಗಾಗಿ ಫೈಲು 65 ಸಿಗ್ನಲ್ ಎಂದರೂ ತಲೆಯ ಮೇಲಿದ್ದ ಎಲೆಕ್ಟ್ರೋಡ್ 64 ಇರಬಹುದು.

ಚಾನೆಲ್ ಪಟ್ಟಿ ಕೊಡುವ ಪ್ರೋಗ್ರಾಂ ಬರೆಯಲು ಒಂದು ಮಧ್ಯಾಹ್ನ ಸಾಕು. ಅದು ಏನು ಮಾಡುತ್ತದೆ ಎಂದು ಸರಿಯಾಗಿ ಬರೆದಿಡುವುದೇ ಹೆಚ್ಚಿನ ಕೆಲಸ. ಪಟ್ಟಿಯ ಕ್ರಮ ಫೈಲಿನದೋ ಅಕಾರಾದಿಯೋ? ಚುಕ್ಕಿ, ಖಾಲಿ ಜಾಗ ತೆಗೆಯುತ್ತದೆಯೋ? ಒಂದೇ ಹೆಸರು ಎರಡು ಸಲ ಬಂದರೆ ಏನು ಮಾಡುತ್ತದೆ? ಟಿಪ್ಪಣಿಯ ಸಿಗ್ನಲನ್ನು ಎಣಿಸುತ್ತದೆಯೋ ಬಿಡುತ್ತದೆಯೋ? 2019ರಲ್ಲಿ ಪ್ರಕಟವಾದ ಇಇಜಿ-ಬಿಡ್ಸ್ ಎಂಬ ಒಪ್ಪಂದ ಇದೇ ದಾರಿಯಲ್ಲಿ ಸಾಗಿದೆ. ದಾಖಲೆಯ ಜೊತೆಗಿಡುವ ಚಾನೆಲ್ ಕೋಷ್ಟಕದಲ್ಲಿ ಹೆಸರು, ಬಗೆ, ಏಕಮಾನ ಈ ಮೂರೂ ಇರಬೇಕೆಂದು ಅದು ಹೇಳುತ್ತದೆ.

ಇಂಥ ಸಾಫ್ಟ್‌ವೇರ್ ಬರೆಯುವ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಫೈಲಿನಲ್ಲಿದ್ದ ಹೆಸರನ್ನು ಇದ್ದ ಹಾಗೇ ಒಂದು ಸಾಲಿನಲ್ಲಿ ಕೊಡಿ, ನೀವು ತಿದ್ದಿದ ಹೆಸರನ್ನು ಪಕ್ಕದಲ್ಲಿ ಕೊಡಿ, ತಿದ್ದಿದ್ದು ಏಕೆಂದು ಕೈಪಿಡಿಯಲ್ಲಿ ಬರೆಯಿರಿ. ಅಲೆ ಎಲ್ಲಿಂದ ಎದ್ದಿತು ಎಂದು ಗೊತ್ತಾಗದೆ ಹೋದರೆ ಮಿಕ್ಕ ಲೆಕ್ಕವೆಲ್ಲ ವ್ಯರ್ಥ.