ಹಳೇ ಕಾರಿಗೆ ಹೊಸ ಗಾಜು

ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಕಾಲೇಜಿನ ಗೇಟಿನ ಬಳಿ ನಿಂತರೆ ಮಕ್ಕಳನ್ನು ಇಳಿಸಲು ಬರುವ ಹಳೇ ಕಾರುಗಳೇ ಹೆಚ್ಚು ಕಾಣುತ್ತವೆ. ಮಾರುತಿ 800, ಓಮ್ನಿ, ಅಪರೂಪಕ್ಕೆ ಒಂದು ಅಂಬಾಸಿಡರ್. ಮಾರುತಿ 800 ತಯಾರಾಗುವುದು 2014ರ ಜನವರಿಯಲ್ಲೇ ನಿಂತಿತು. ಅಂಬಾಸಿಡರ್ ಕಾರ್ಖಾನೆಯೂ ಅದೇ ವರ್ಷ ಬಾಗಿಲು ಹಾಕಿತು. ಆದರೂ ಇವು ಇನ್ನೂ ಓಡುತ್ತಿವೆ, ಇನ್ನೂ ಕೆಲವು ವರ್ಷ ಓಡಬೇಕು. ಇಂಥ ಕಾರಿನ ಮುಂದಿನ ಗಾಜು ಒಡೆದಾಗ ಎಲ್ಲರೂ ಮೊದಲು ಕೇಳುವುದು "ಗ್ಲಾಸ್ ಎಷ್ಟಾಗುತ್ತೆ?" ಎಂದು. ನಮ್ಮ ಮನೆಯ ಕಾರಿನ ಗಾಜು ಬದಲಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದ ಮೇಲೆ, ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು ಮೂರು ಇವೆ ಎಂದು ನನಗೆ ಅನಿಸಿದೆ.

ನಮ್ಮದು 2004ರ ಮಾರುತಿ 800. ಸಿರಾ ದಾಟಿದ ಮೇಲೆ ಹೆದ್ದಾರಿ 48ರಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರಿನಿಂದ ಒಂದು ಜಲ್ಲಿಕಲ್ಲು ಹಾರಿ ಬಂದು ಬಡಿಯಿತು. ಆಗ ಆದದ್ದು ಕಡಲೆಬೇಳೆಯಷ್ಟು ಗುಳಿ, ಅಷ್ಟೇ. ಎರಡು ವಾರದಲ್ಲಿ ಅದು ಗೆರೆಯಾಗಿ ಬೆಳೆದು ಗಾಜಿನ ಅಂಚನ್ನು ಮುಟ್ಟಿತು.

ಬಿರುಕು ಬೆಳೆದರೂ ಗಾಜು ಉದುರಲಿಲ್ಲ ಏಕೆ? ಮುಂದಿನ ಗಾಜು ಒಂದಲ್ಲ, ಎರಡು. ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ಕಿನ ತೆಳು ಹಾಳೆ ಇರುತ್ತದೆ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಶಾಖ ಮತ್ತು ಒತ್ತಡದಿಂದ ಮೂರನ್ನೂ ಒಂದು ಮಾಡಿರುತ್ತಾರೆ. ಇದೇ ಲ್ಯಾಮಿನೇಟೆಡ್ ಗಾಜು. ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ಇರುತ್ತವೆ, ಒಳಗೆ ಕೂತವರ ಮುಖಕ್ಕೆ ಬರುವುದಿಲ್ಲ. ಎಡ್ವರ್ಡ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರ ಕೈಯಿಂದ 1903ರಲ್ಲಿ ಒಂದು ಗಾಜಿನ ಫ್ಲಾಸ್ಕ್ ಬಿದ್ದು, ಒಳಗೆ ಒಣಗಿದ್ದ ಪದರದಿಂದಾಗಿ ಚೂರಾಗದೆ ಉಳಿಯಿತಂತೆ. ಅಲ್ಲಿಂದ ಹುಟ್ಟಿದ ಯೋಚನೆಗೆ ಅವರು 1909ರಲ್ಲಿ ಪೇಟೆಂಟ್ ಪಡೆದರು. ಪಕ್ಕದ ಬಾಗಿಲಿನ ಗಾಜು ಬೇರೆ ಜಾತಿಯದು. ಅದನ್ನು ಚೆನ್ನಾಗಿ ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಒಡೆದರೆ ಕಲ್ಲುಸಕ್ಕರೆಯಂಥ ಸಣ್ಣ ಹರಳುಗಳಾಗಿ ಒಮ್ಮೆಲೇ ಸುರಿಯುತ್ತದೆ. ಅದನ್ನು ಟಫನ್ಡ್ ಎನ್ನುತ್ತಾರೆ. ಹಿಂದೆ ಕಾರಿನ ಮುಂದುಗಡೆಗೂ ಅದನ್ನೇ ಹಾಕುತ್ತಿದ್ದರು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದ ಮೇಲೆ, ಮೂರು ವರ್ಷದ ಅವಕಾಶ ಕೊಟ್ಟು, ನಂತರ ತಯಾರಾದ ವಾಹನಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು ಎಂದು ಮಾಡಿದರು. ಹಾಗಾಗಿ ಅಂಗಡಿಯಲ್ಲಿ ಗಾಜು ಕೊಳ್ಳುವಾಗ ಮೂಲೆಯಲ್ಲಿ ಕೊರೆದಿರುವ ಗುರುತನ್ನು ಓದಿ. ಐಎಸ್‌ಐ ಮಾರ್ಕು, ತಯಾರಕರ ಹೆಸರು, ಲ್ಯಾಮಿನೇಟೆಡ್ ಎಂಬ ಸೂಚನೆ ಇರಬೇಕು. ಗುರುತೇ ಇಲ್ಲದ ಗಾಜು ಎಷ್ಟು ಅಗ್ಗವಾದರೂ ಬೇಡ.

ಗುಳಿ ಚಿಕ್ಕದಿದ್ದಾಗಲೇ ಅದರೊಳಗೆ ರೆಸಿನ್ ತುಂಬಿಸಿ ನಿಲ್ಲಿಸಬಹುದು. ಆದರೆ ಅದು ಡ್ರೈವರ್ ಕಣ್ಣಿನ ನೇರಕ್ಕೆ ಇರಬಾರದು, ಅಂಚಿಗೆ ತಾಗಿರಬಾರದು, ಒಳಗೆ ಧೂಳು ಸೇರಿರಬಾರದು. ಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿದರೆ, ಹಂಪ್ ಮೇಲೆ ಎಗರಿಸಿದರೆ ಬಿರುಕು ಓಡುತ್ತದೆ. ಅಂಚು ಮುಟ್ಟಿದ ಮೇಲೆ ಬದಲಿಸುವುದೊಂದೇ ದಾರಿ.

ನಮಗೆ ಅವಸರವೂ ಇತ್ತು. ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು, ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಗಾಡಿ ನಿಲ್ಲಿಸಬೇಕು. ನಮ್ಮ ಕಾರಿಗೆ ಅದು ಎರಡನೇ ಸಲ, ಉಳಿದಿದ್ದದ್ದು ಹತ್ತು ದಿನ. ತಿಂಗಳಿಗೊಮ್ಮೆ ದಾದಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು ಈ ಕಾರಿನಲ್ಲೇ. (ಕನ್ನಡದಲ್ಲಿ ದಾದಿ ಎಂದರೆ ನರ್ಸ್ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ.) ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಅವರ ಬೆನ್ನು ಒಪ್ಪುವುದಿಲ್ಲ.

ಮೊದಲು ಹೋದ ಅಂಗಡಿಯಲ್ಲಿ ಒಂದೇ ಗಂಟೆಯ ಕೆಲಸ ಎಂದರು. ಗಾಜು 2,300, ಕೂಲಿ 500, ಹಳೇ ರಬ್ಬರನ್ನೇ ಮತ್ತೆ ಹಾಕಿಕೊಡುತ್ತೇವೆ, ಒಟ್ಟು 2,800 ರೂಪಾಯಿ. ಅಬ್ಬಾಗೆ ಪರಿಚಯದ ಇನ್ನೊಂದು ಗ್ಯಾರೇಜಿಗೂ ಹೋದೆವು. ಅಲ್ಲಿನ ಉಸ್ತಾದ್ ಗಾಜಿನ ಕಡೆ ನೋಡಲೇ ಇಲ್ಲ. ಕೆಳಗಿನ ಮೂಲೆಯಲ್ಲಿ ರಬ್ಬರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದರು. ಕಂದು ಬಣ್ಣದ ಪುಡಿ ಬಾನೆಟ್ಟಿನ ಮೇಲೆ ಉದುರಿತು.

"ಗಾಜು ಇವತ್ತೇ ಹಾಕಿಕೊಡ್ತೀನಿ ಭಾಯ್. ಈ ಜಂಗಿಗೆ ಏನು ಮಾಡೋಣ ಹೇಳಿ" ಎಂದರು.

ಜಂಗ್ ಎಂದರೆ ತುಕ್ಕು. ನಾವು ಮುಂದಿನ ಗಾಜು ಎಂದು ಕರೆಯುವುದು ನಿಜವಾಗಿ ಮೂರು ವಸ್ತುಗಳ ಜೋಡಣೆ: ಗಾಜು, ಅದರ ಸುತ್ತಲಿನ ರಬ್ಬರ್ ಬೀಡಿಂಗ್, ಆ ರಬ್ಬರ್ ಕಚ್ಚಿಕೊಳ್ಳುವ ಬಾಡಿಯ ತಗಡಿನ ಅಂಚು. ಇಪ್ಪತ್ತು ವರ್ಷದ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ, ಕುಗ್ಗಿ, ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಮಳೆನೀರು ಇಳಿದು ನಿಲ್ಲುತ್ತದೆ. ರಬ್ಬರಿನ ಮರೆಯಲ್ಲಿ ಅದು ಬೇಗ ಒಣಗುವುದಿಲ್ಲ. ತಗಡು ತುಕ್ಕು ಹಿಡಿಯುತ್ತಾ ಹೋದರೂ ಹೊರಗಿನಿಂದ ಏನೂ ಕಾಣುವುದಿಲ್ಲ.

ಇಲ್ಲಿ ಒಂದು ಸಣ್ಣ ವಿಜ್ಞಾನ ಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕಾಂಕ್ರೀಟಿನ ಒಳಗಿನ ಸರಳು ತುಕ್ಕು ಹಿಡಿದು ಮನೆಯ ಸಜ್ಜಾ ಸೀಳುವುದನ್ನು ನೋಡಿರುತ್ತೀರಿ, ಅದೂ ಇದೇ. ತಗಡಿನ ಅಂಚಿನಲ್ಲಿ ತುಕ್ಕು ಗಂಟುಗಂಟಾಗಿ ಉಬ್ಬಿದರೆ ರಬ್ಬರ್ ಅಲ್ಲಿ ಸಮನಾಗಿ ಕೂರುವುದಿಲ್ಲ, ಗಾಜಿನ ಒಂದು ಬದಿಗೆ ಮಾತ್ರ ಒತ್ತಡ ಬೀಳುತ್ತದೆ. ಗಾಜು ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಅದರಲ್ಲೂ ಅಂಚು ಬಹಳ ಸೂಕ್ಷ್ಮ. ಕತ್ತರಿಸುವಾಗ ಉಳಿದ ಕಣ್ಣಿಗೆ ಕಾಣದ ಗಾಯಗಳು ಅಲ್ಲೇ ಇರುತ್ತವೆ. ಹೊಸ ಗಾಜು ಹಾಕಿಸಿ ತಿಂಗಳೊಳಗೆ, ಯಾವ ಕಲ್ಲೂ ಬಡಿಯದೆ, ಮೂಲೆಯಿಂದ ತಾನಾಗಿ ಬಿರುಕು ಬಿಟ್ಟಿತು ಎಂದು ಕೆಲವರು ಹೇಳುವುದನ್ನು ಕೇಳಿದ್ದೆ. ಗಾಜು ನಕಲಿ ಇರಬೇಕು ಎನ್ನುತ್ತಾರೆ. ಗಾಜು ಸರಿಯಾಗಿಯೇ ಇದ್ದು, ಅದು ಕೂತ ಜಾಗ ಸರಿ ಇಲ್ಲದಿದ್ದರೂ ಹೀಗಾಗುತ್ತದೆ.

ಉಸ್ತಾದ್ ಹೇಳಿದ ಲೆಕ್ಕ ಹೀಗಿತ್ತು: ಗಾಜು 2,300, ಹೊಸ ರಬ್ಬರ್ 700, ಕೂಲಿ 600, ತುಕ್ಕು ತೆಗೆದು ತಗಡು ಹಾಕಿ ಬಣ್ಣ ಬಳಿಯಲು 1,900. ಒಟ್ಟು 5,500. ಮನೆಯಲ್ಲಿ ಆ ರಾತ್ರಿ ದೊಡ್ಡ ಚರ್ಚೆ. ಮಾಮೂ ಅಂದರು, "ಭಾಯ್‌ಜಾನ್, ಈ ಗಾಡಿ ಗುಜರಿಗೆ ಹಾಕಿದರೂ ಎಷ್ಟು ಬರುತ್ತೆ? ಕಾಣದೇ ಇರೋ ತಗಡಿಗೆ ಎರಡು ಸಾವಿರ ಯಾಕೆ ಸುರೀತೀರಾ?" ಮಾಮೂ ಮಾತು ತೆಗೆದುಹಾಕುವಂಥದ್ದಲ್ಲ. ಮಾರಿದರೆ ಈ 5,500ರಲ್ಲಿ ಒಂದು ರೂಪಾಯಿಯೂ ವಾಪಸು ಬರುವುದಿಲ್ಲ. ಇದು ರಾಜಸ್ವ ವೆಚ್ಚವೋ ಬಂಡವಾಳ ವೆಚ್ಚವೋ ಎಂದು ನಾನು ಅಕೌಂಟೆನ್ಸಿ ಶುರು ಮಾಡಿದೆ. "ಖರ್ಚು ಖರ್ಚೇ ಬೇಟಾ" ಎಂದು ಅಬ್ಬಾ ಅಲ್ಲಿಗೇ ನಿಲ್ಲಿಸಿದರು. ನಿಜವಾದ ಪ್ರಶ್ನೆ ಗಾಡಿಯ ಬೆಲೆ ಎಷ್ಟು ಎಂಬುದಲ್ಲ, ಇನ್ನೆಷ್ಟು ವರ್ಷ ಇದರಲ್ಲಿ ಓಡಾಡಬೇಕು ಎಂಬುದು. ನವೀಕರಣವಾದರೆ ಐದು ವರ್ಷ. ಐದು ವರ್ಷಕ್ಕೆ ಹಂಚಿದರೆ ಆ 1,900 ತಿಂಗಳಿಗೆ ಮೂವತ್ತೊಂದು ರೂಪಾಯಿ ಚಿಲ್ಲರೆ. ಹಾಗೆ ಬರೆದು ತೋರಿಸಿದಾಗ ಮಾಮೂ ಸುಮ್ಮನಾದರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಸೆಕೆಂಡ್ ಹ್ಯಾಂಡ್ ಗಾಜಿನ ಮಾತೂ ಬಂತು. ಬೆಂಗಳೂರಿನ ಶಿವಾಜಿನಗರದ ಕಡೆ ಹುಡುಕಿದರೆ ಸಿಗುತ್ತದೆ. ಆದರೆ ಹಳೇ ಗಾಜಿನ ಮೇಲೆ ವೈಪರ್ ಗೀರುಗಳು, ಮರಳು ಬಡಿದ ಸಾವಿರಾರು ಚುಕ್ಕೆಗಳು ಇರುತ್ತವೆ. ಹಗಲಲ್ಲಿ ಅವು ತಿಳಿಯುವುದಿಲ್ಲ, ರಾತ್ರಿ ಎದುರಿನ ಲಾರಿಯ ಬೆಳಕು ಬಿದ್ದಾಗ ಗಾಜೆಲ್ಲ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಚಿನಲ್ಲಿ ಬಿಳಿ ಮಂಜು ಕಂಡರೆ ಒಳಗಿನ ಪ್ಲಾಸ್ಟಿಕ್ ಹಾಳೆ ಬಿಟ್ಟುಕೊಳ್ಳುತ್ತಿದೆ ಎಂದರ್ಥ.

ಶುಕ್ರವಾರ ಬೆಳಿಗ್ಗೆ ಕೆಲಸ ಶುರುವಾಯಿತು. ವೈಪರ್ ಕಡ್ಡಿ ತೆಗೆದು, ಬಾನೆಟ್ಟಿಗೆ ಹಳೇ ಚಾದರ ಹೊದಿಸಿದರು. ಡ್ಯಾಶ್‌ಬೋರ್ಡಿನ ಗಾಳಿ ಬರುವ ಸಂದುಗಳಿಗೆ ಪೇಪರ್ ಅಂಟಿಸಿದರು, ಇಲ್ಲದಿದ್ದರೆ ಗಾಜಿನ ಪುಡಿ ಒಳಗೆ ಸೇರಿ ಮುಂದೆ ಫ್ಯಾನ್ ಹಾಕಿದ ದಿನ ಕಣ್ಣಿಗೆ ಬರುತ್ತದಂತೆ. ರಬ್ಬರಿನ ಹೊರತುಟಿಯನ್ನು ಬ್ಲೇಡಿನಿಂದ ಕೊಯ್ದು, ಒಳಗಿನಿಂದ ತಳ್ಳಿ ಗಾಜು ಹೊರತೆಗೆದರು. ತುಕ್ಕನ್ನು ಉಜ್ಜಿ ಉಜ್ಜಿ ತಗಡು ಬೆಳ್ಳಗಾಗುವ ತನಕ ಬಿಡಲಿಲ್ಲ. ಒಂದು ಕಡೆ ಬೆರಳು ತೂರುವಷ್ಟು ತೂತಾಗಿತ್ತು, ಅಲ್ಲಿಗೆ ಟಿಂಕರ್ ಬಂದು ತಗಡಿನ ತುಂಡು ವೆಲ್ಡ್ ಮಾಡಿದರು. ಪುಟ್ಟಿ ಮೆತ್ತಿ ಮುಚ್ಚುವುದು ಸುಲಭವಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಪ್ರೈಮರ್ ಬಳಿದು ಎಲ್ಲರೂ ಜುಮಾ ನಮಾಜಿಗೆ ಹೋದೆವು. ಪ್ರೈಮರ್ ಒಣಗಲು ಸಮಯ ಸಿಕ್ಕಿತು. ಬಣ್ಣ ಸಂಜೆ, ಗಾಜು ಮರುದಿನ.

ಗಾಜು ಕೂರಿಸುವ ರೀತಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಂಟು ಇಲ್ಲ, ಸ್ಕ್ರೂ ಇಲ್ಲ, ಬೇಕಾದದ್ದು ಒಂದು ದಾರ. ರಬ್ಬರಿಗೆ ಎರಡು ಕಾಲುವೆ ಇರುತ್ತವೆ, ಒಂದರಲ್ಲಿ ಗಾಜಿನ ಅಂಚು, ಇನ್ನೊಂದರಲ್ಲಿ ತಗಡಿನ ಅಂಚು. ಕಂಬಳಿಯ ಮೇಲೆ ಗಾಜನ್ನಿಟ್ಟು ಸುತ್ತ ರಬ್ಬರ್ ತೊಡಿಸಿದರು. ಎರಡನೇ ಕಾಲುವೆಯೊಳಗೆ ಸುತ್ತಲೂ ನೈಲಾನ್ ದಾರ ಕೂರಿಸಿ ಎರಡು ತುದಿಗಳನ್ನು ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ದಾಟಿಸಿ ಬಿಟ್ಟರು. ಆಮೇಲೆ ಧಾರಾಳವಾಗಿ ಸೋಪಿನ ನೀರು. ಎಣ್ಣೆ, ಗ್ರೀಸ್ ಹಚ್ಚಬಾರದು, ರಬ್ಬರ್ ಹಾಳಾಗುತ್ತದೆ. ಇಬ್ಬರು ಹೊರಗಿನಿಂದ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದರು. ಉಸ್ತಾದ್ ಒಳಗೆ ಕೂತು ದಾರವನ್ನು ಸ್ವಲ್ಪ ಸ್ವಲ್ಪವೇ ಎಳೆದರು. ದಾರ ಹೊರಬರುತ್ತಾ ಬಂದಂತೆ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿಕೊಂಡು ಕಚ್ಚುತ್ತದೆ. ಅವರು ಎಳೆದ ಜಾಗದಲ್ಲೇ ಹೊರಗಿನ ಹುಡುಗ ಅಂಗೈಯಿಂದ ತಟ್ಟುತ್ತಾ ಹೋಗಬೇಕು. ಮೂಲೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ದಾರ ಪೂರ್ತಿ ಅವರ ಕೈಯಲ್ಲಿತ್ತು, ಗಾಜು ಚೌಕಟ್ಟಿನಲ್ಲಿತ್ತು.

ಹೊಸ ಕಾರುಗಳಲ್ಲಿ ಈ ದಾರದ ಆಟ ನಡೆಯುವುದಿಲ್ಲ. ಅಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಅಂಟಿಸಿರುತ್ತಾರೆ. ಗಾಜು ಬಾಡಿಯ ಬಲದ ಭಾಗವೇ ಆಗಿರುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೆ ಒರಗಿ ನಿಲ್ಲುವುದೂ ಉಂಟು. ಅಂಟು ಸಾಕಷ್ಟು ಗಟ್ಟಿಯಾಗುವ ಮೊದಲು ಗಾಡಿ ಓಡಿಸಬಾರದು. ಎಷ್ಟು ಹೊತ್ತು ಬಿಡಬೇಕು ಎಂದು ಆ ಅಂಟಿನ ಡಬ್ಬದ ಮೇಲೇ ಬರೆದಿರುತ್ತದೆ, ಕೇಳಿ ತಿಳಿದುಕೊಳ್ಳಿ.

ಇನ್ನು ವಿಮೆ. ನಮ್ಮ ಕಾರಿಗಿರುವುದು ಥರ್ಡ್ ಪಾರ್ಟಿ ಮಾತ್ರ, ಅದರಿಂದ ನಮ್ಮ ಗಾಜಿಗೆ ಏನೂ ಬರುವುದಿಲ್ಲ. ಪೂರ್ಣ ಪಾಲಿಸಿ ಇದ್ದಿದ್ದರೆ? ಗಾಜಿಗೆ ಸವಕಳಿ ಇಲ್ಲ, ಕಾರು ಎಷ್ಟು ಹಳೆಯದಾದರೂ ಪೂರ್ತಿ ಕೊಡುತ್ತಾರೆ. ರಬ್ಬರಿಗೆ 50% ಸವಕಳಿ. ತುಕ್ಕಿಗೆ ಒಂದು ಪೈಸೆಯೂ ಇಲ್ಲ, ಅದು ಬಳಕೆಯ ಸವೆತ. ಅಂದರೆ 2,300, 350, 600 ಸೇರಿ 3,250. ಇದರಲ್ಲಿ 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 2,250. ಲಾಭ ಅನಿಸುತ್ತದೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಬೋನಸ್ ಕಳೆಯುವ ಮೊದಲು ಸ್ವಂತ ಹಾನಿಯ ಪ್ರೀಮಿಯಂ 4,000 ಇದೆ, ನೀವು 50% ಮೆಟ್ಟಿಲಲ್ಲಿದ್ದೀರಿ ಎಂದಿಟ್ಟುಕೊಳ್ಳಿ. ಮುಂದಿನ ವರ್ಷ 2,000 ಹೆಚ್ಚು ಕಟ್ಟಬೇಕು. ಆಮೇಲೆ ಬೋನಸ್ 20, 25, 35, 45 ಎಂದು ಮತ್ತೆ ಹತ್ತುವಾಗ ವರ್ಷವರ್ಷಕ್ಕೆ 1,200, 1,000, 600, 200. ಒಟ್ಟು 5,000 ಹೋಯಿತು, 2,250 ಬಂತು. ಬೋನಸ್ ಉಳಿಸುವ ಆಡ್-ಆನ್ ತೆಗೆದುಕೊಂಡಿದ್ದರೆ ಲೆಕ್ಕ ಬೇರೆ. ಇಲ್ಲದಿದ್ದರೆ ಹಳೇ ಸಣ್ಣ ಕಾರಿನ ಗಾಜಿಗೆ ಕ್ಲೇಮ್ ಹಾಕುವ ಮೊದಲು ಪೆನ್ನು ಹಿಡಿದು ಕೂರುವುದು ಒಳ್ಳೆಯದು.

ಇನ್ನೆರಡು ಸಣ್ಣ ವಿಷಯ. ಹಳೇ ಗಾಜಿನ ಮೇಲಿದ್ದ ಫಾಸ್ಟ್ಯಾಗ್ ಕಿತ್ತರೆ ಹಾಳಾಗುತ್ತದೆ, ಅದನ್ನು ಕೊಟ್ಟ ಬ್ಯಾಂಕಿನಿಂದ ಬದಲಿ ತರಿಸಿಕೊಳ್ಳಬೇಕು. ವೈಪರ್ ರಬ್ಬರನ್ನೂ ಜೊತೆಗೇ ಬದಲಿಸಿ, ಗಟ್ಟಿಯಾದ ಹಳೇ ರಬ್ಬರ್ ಹೊಸ ಗಾಜನ್ನು ಒಂದೇ ಮಳೆಗಾಲದಲ್ಲಿ ಗೀರಿಬಿಡುತ್ತದೆ.

ನಮ್ಮ ನವೀಕರಣ ಸರಿಯಾದ ದಿನಕ್ಕೇ ಆಯಿತು. ಬ್ರೇಕ್ ಇನ್‌ಸ್ಪೆಕ್ಟರ್ ಗಾಜನ್ನು ಒಂದು ಸಲ ನೋಡಿ ಮುಂದೆ ಹೋದರು, ತಗಡನ್ನು ಯಾರೂ ಕೇಳಲಿಲ್ಲ. ನೀವು ಗಾಜು ಹಾಕಿಸಿದರೆ ಗ್ಯಾರೇಜಿನಿಂದ ಹೊರಡುವ ಮುಂಚೆ ಪೈಪಿನಿಂದ ಐದು ನಿಮಿಷ ನೀರು ಬಿಡಿಸಿ, ಒಳಗೆ ಕೂತು ಮೂಲೆಗಳನ್ನು ನೋಡಿ. ಮೊದಲ ದೊಡ್ಡ ಮಳೆ ಬಂದ ಮರುದಿನ ಮುಂದಿನ ಎರಡೂ ಕಡೆ ಕಾಲಿಡುವ ಜಾಗದ ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡಿ. ತೇವ ಸಿಕ್ಕರೆ ಅದೇ ವಾರ ಗಾಡಿ ವಾಪಸು ತೆಗೆದುಕೊಂಡು ಹೋಗಿ.