ಗಲ್ಲಾಪೆಟ್ಟಿಗೆಗೆ ಕ್ಯೂಆರ್ ಬಂದ ದಾರಿ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸಂಜೆಯ ಹೊತ್ತು ಹೂವಿನ ವ್ಯಾಪಾರ ಜೋರು. ಮಾರುವವರ ಕೈ ಒದ್ದೆ, ಕಣ್ಣು ಅಳೆಯುತ್ತಿರುವ ಮೊಳದ ಮೇಲೆ. ದುಡ್ಡು ಬಂತೆಂದು ಪಕ್ಕದ ಪುಟ್ಟ ಡಬ್ಬಿಯೇ ಕನ್ನಡದಲ್ಲಿ ಕೂಗಿ ಹೇಳುತ್ತದೆ. ಸ್ವೈಪಿಂಗ್ ಮಷೀನನ್ನು ಹತ್ತಿರವೂ ಸೇರಿಸದಿದ್ದ ಬೀದಿ ವ್ಯಾಪಾರ ಇಲ್ಲಿಗೆ ಬಂದದ್ದು ಹೇಗೆ?

2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಂ ರಾಜನ್ ಯುಪಿಐಗೆ ಚಾಲನೆ ಕೊಟ್ಟರು. ಸೆಪ್ಟೆಂಬರಿನಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾಯಿತು. ನವೆಂಬರ್ 8ರ ನೋಟು ರದ್ದತಿ ಗಲ್ಲಾಪೆಟ್ಟಿಗೆಯನ್ನೇ ಬರಿದು ಮಾಡಿತು. ಆಗ ಅಂಗಡಿಯವರು ಮೊಬೈಲ್ ಪಾವತಿ ಹಿಡಿದದ್ದು ಬೇರೆ ದಾರಿಯಿಲ್ಲದೆ. ನೋಟು ಮರಳಿದ ಮೇಲೂ ಅದು ಉಳಿದುಕೊಂಡದ್ದೇ ದೊಡ್ಡ ಸಂಗತಿ.

ಮೊದಲ ಕಾರಣ ಖರ್ಚು. ಕಾರ್ಡ್ ಯಂತ್ರಕ್ಕೆ ಬಾಡಿಗೆಯೂ ಬೇಕು, ಕಮಿಷನ್ನೂ ಬೇಕು. ಹತ್ತು ರೂಪಾಯಿ ಚಹಾದ ಲಾಭದಲ್ಲಿ ಅದಕ್ಕೆಲ್ಲಿ ಜಾಗ? ಕ್ಯೂಆರ್ ಚೀಟಿಗೆ ಕರೆಂಟೂ ಬೇಡ. ಗಿರಾಕಿ ಯಾವ ಆ್ಯಪ್ ಬಳಸಿದರೂ ಒಂದೇ ಚೀಟಿ ಸಾಕು. 2020ರ ಜನವರಿ 1ರಿಂದ ಯುಪಿಐಗೆ ವ್ಯಾಪಾರಿ ಶುಲ್ಕವೂ ಇಲ್ಲವಾಯಿತು. ಅದೇ ವರ್ಷ ಶುರುವಾದ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲದ ಜೊತೆಗೆ ಡಿಜಿಟಲ್ ಪಾವತಿಗೆ ಕ್ಯಾಶ್‌ಬ್ಯಾಕ್ ಕೂಡ ಕೊಟ್ಟಿತು.

ಆದರೂ ಒಂದು ಅಳುಕು ಉಳಿದಿತ್ತು. ಗಿರಾಕಿ ತೋರಿಸಿದ ಸ್ಕ್ರೀನ್ ಸುಳ್ಳಾದರೆ? ಜನ ಮುಗಿಬಿದ್ದ ಹೊತ್ತಿನಲ್ಲಿ ಮೆಸೇಜ್ ನೋಡುತ್ತ ಕೂರಲಾದೀತೇ? 2019ರಲ್ಲಿ ಪೇಟಿಎಂ ತಂದ ಸೌಂಡ್‌ಬಾಕ್ಸ್ ಈ ಅಳುಕನ್ನು ತೆಗೆಯಿತು. ಓದಲು ಬಾರದವರಿಗೂ ಲೆಕ್ಕ ಕಿವಿಗೇ ಬಿತ್ತು. ಕಮಿಷನ್ ಕೊಡಲು ಒಪ್ಪದಿದ್ದ ಎಷ್ಟೋ ವ್ಯಾಪಾರಿಗಳು ಈ ಡಬ್ಬಿಗೆ ತಿಂಗಳ ಬಾಡಿಗೆ ಕಟ್ಟುತ್ತಿದ್ದಾರೆ. ನಂಬಿಕೆಗೆ ಅವರು ಕೊಟ್ಟ ಬೆಲೆ ಅದು.

ಆ ನಂಬಿಕೆ ಅಲುಗಾಡಿದ್ದು 2025ರ ಜುಲೈನಲ್ಲಿ. ಯುಪಿಐ ವಹಿವಾಟು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ಬಿತ್ತು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಬಿಸಿ ತಗ್ಗಿತು.

ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕ್ಯೂಆರ್ ಅಂಟಿಸಲು ಕಂಪನಿಯ ಹುಡುಗರು ಅಂಗಡಿ ಅಂಗಡಿ ಸುತ್ತಿದರು. ಈ ನಿಯಮವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಸರ್ಕಾರವೂ ಹಾಗೆಯೇ ಸುತ್ತಬೇಕಿತ್ತು. ಹೊಸದನ್ನು ಕಲಿಯಲು ಸಣ್ಣ ವ್ಯಾಪಾರಿ ಎಂದೂ ಹಿಂಜರಿದಿಲ್ಲ. ಅದರಿಂದ ತನಗೆ ಮೋಸವಾಗದು ಎಂಬ ಭರವಸೆಯನ್ನಷ್ಟೇ ಕೇಳಿದ್ದಾನೆ.