ಕಲೆ ಇದ್ದರೇನೇ ಮುಖಕ್ಕೆ ಕಳೆ!

ನಮ್ಮ ಮೈಸೂರಿನವರೇ ಆದ ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಆದರೆ 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ ಅವರು ಮತ್ತೆ ಪರದೆಗೆ ಬಂದರು! ಆ ತಲೆ ತಯಾರಾದದ್ದು ಕಂಪ್ಯೂಟರಿನಲ್ಲಿ.

ತಲೆಯೇನೋ ಮಾಡಿದರು, ಚರ್ಮ ಎಲ್ಲಿಂದ ತಂದರು ಅಂತೀರಾ? ಕಷ್ಟ ಇರೋದೇ ಅಲ್ಲಿ.

ಕಿತ್ತಳೆ ಸಿಪ್ಪೆ ಸುಲಿದು ಮೇಜಿನ ಮೇಲೆ ಹರಡಿದ ಹಾಗೆ, ಮೊದಲು ತಲೆಯ ಮೇಲ್ಮೈಯನ್ನು ಚಪ್ಪಟೆ ಹಾಳೆಯಾಗಿ ಬಿಡಿಸುತ್ತಾರೆ. ಬಣ್ಣ ತುಂಬುವುದು ಆ ಹಾಳೆಯ ಮೇಲೆ. ಆಮೇಲೆ ಅದನ್ನೇ ತಲೆಗೆ ಸುತ್ತುವುದು. ಇದಕ್ಕೆ ಟೆಕ್ಸ್ಚರ್ ಅಂತ ಹೆಸರು. ಒಂದು ಬದಿಗೆ 4,096 ಚುಕ್ಕಿಯಂತೆ ಲೆಕ್ಕ ಹಾಕಿದರೆ, ಒಂದು ಹಾಳೆಗೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಚುಕ್ಕಿ!

ಫೋಟೋ ಅಂಟಿಸಿದರಾಗದೆ?

ಆಗದು. ಫೋಟೋದ ಜೊತೆ ಮೂಗಿನ ನೆರಳು, ಹಣೆಯ ಜಿಡ್ಡಿನ ಹೊಳಪು ಎರಡೂ ಬಂದುಬಿಡುತ್ತವೆ. ದೃಶ್ಯದಲ್ಲಿ ಬಿಸಿಲು ಎಡಕ್ಕಿದ್ದರೂ ನೆರಳೂ ಎಡಕ್ಕೇ ಬಿದ್ದಿದ್ದರೆ ನೋಡುವವರು ನಗುವುದಿಲ್ಲವೆ? ಅದಕ್ಕೇ ಸುತ್ತಲೂ ಸಮನಾದ ಬೆಳಕಿಟ್ಟು, ದೀಪಕ್ಕೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರನ್ನು ಒಂದಕ್ಕೊಂದು ಅಡ್ಡಲಾಗಿ ಹಾಕಿ, ಹೊಳಪು ಕಳೆದು ಫೋಟೋ ತೆಗೆಯುತ್ತಾರೆ. ಉಳಿಯುವುದು ಚರ್ಮದ ಬಣ್ಣ ಮಾತ್ರ. ಹೊಳಪಿಗೆ ಬೇರೆ ಹಾಳೆ, ರಂಧ್ರ-ಸುಕ್ಕುಗಳಿಗೆ ಇನ್ನೊಂದು.

ಇಷ್ಟಾದರೂ ಸಾಲದು. ಕತ್ತಲಲ್ಲಿ ಅಂಗೈ ಹಿಂದೆ ಟಾರ್ಚ್ ಹಿಡಿಯಿರಿ, ಬೆರಳ ಸಂದಿ ಕೆಂಪಗೆ ಕಾಣುತ್ತದೆ. ಬೆಳಕು ಚರ್ಮದೊಳಗೆ ಹೊಕ್ಕು, ಅಡ್ಡಾಡಿ, ಕೆಂಪಾಗಿ ಹೊರಬರುತ್ತದೆ. ಇದಕ್ಕೆ ಕಂಪ್ಯೂಟರಿಗೆ ಹೊಂದುವ ಸುಲಭ ಸೂತ್ರವನ್ನು 2001ರಲ್ಲಿ ಕೊಟ್ಟವರು ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು. 2004ರಲ್ಲಿ ಇದಕ್ಕೆ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಟಚಪ್ ತಿರುಗುಮುರುಗು

ಹಿಂದೆ ನಮ್ಮ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ, ಕಲೆ ಮುಚ್ಚುತ್ತಿದ್ದರು. ಮದುವೆ ಫೋಟೋ ಅಲ್ವೇ! ಇಲ್ಲಿ ಕೆಲಸ ಪೂರ್ತಿ ಉಲ್ಟಾ. ಕಲೆ ಹೋದರೆ ಮುಖ ಪ್ಲಾಸ್ಟಿಕ್ ಗೊಂಬೆ. ಮೂಗಿನ ತುದಿ, ಕಿವಿ ತುಸು ಕೆಂಪು. ಕ್ಷೌರ ಮಾಡಿದ ಗಲ್ಲ ತುಸು ನೀಲಿ. ಒಂದು ಕೆನ್ನೆ ಬರೆದು ಅದನ್ನೇ ಮಗುಚಿ ಇನ್ನೊಂದಕ್ಕೆ ಹಾಕಿದರೆ ಕಣ್ಣು ಥಟ್ಟನೆ ಹಿಡಿದುಬಿಡುತ್ತದೆ. ಮನುಷ್ಯನಂತಿದ್ದೂ ಮನುಷ್ಯನಲ್ಲದ್ದು ಕಂಡರೆ ಮೈ ಜುಮ್ಮೆನ್ನುತ್ತದೆ ಅಂತ ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು.

ಬದುಕಿರುವ ನಟ ದೀಪದ ಮುಂದೆ ಬಂದು ಕೂರಬಹುದು. ತೀರಿಹೋದವರು? ಉಳಿದಿರುವುದು ಹಳೇ ರೀಲು, ಹಳೇ ಫೋಟೋ. ಅವುಗಳಲ್ಲಿ ಮೇಕಪ್ ಇದೆ, ಕ್ಯಾಮೆರಾಮನ್ ಬಿಟ್ಟ ನೆರಳಿದೆ, ಬರೀ ಚರ್ಮ ಇಲ್ಲ! ಲಕ್ಷಾಂತರ ಜನ ನೋಡಿದ ಮುಖದ ನಿಜಬಣ್ಣವೇ ಸಿಗುವುದಿಲ್ಲ.

ಇನ್ನು ಒಪ್ಪಿಗೆಯ ಮಾತು. ತಮ್ಮ ಮುಖ, ದನಿ ಬಳಸದಂತೆ ನಟ ಅನಿಲ್ ಕಪೂರ್ ಕೇಳಿದಾಗ ದೆಹಲಿ ಹೈಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ರಕ್ಷಣೆ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಸುಶಾಂತ್ ಸಿಂಗ್ ರಜಪೂತ್ ತಂದೆಯ ಅರ್ಜಿಯಲ್ಲಿ, ಆ ಹಕ್ಕು ಮಗನ ಜೊತೆಗೇ ಮುಗಿಯಿತು ಅಂದಿತ್ತು. ಬದುಕಿದ್ದವರು ಬೇಡ ಅನ್ನಬಹುದು. ಹೋದವರ ಪರವಾಗಿ ಯಾರು ಅನ್ನಬೇಕು?

ಮನೆಯ ಹಿರಿಯರದ್ದೊಂದು ಫೋಟೋ ತೆಗೆದಿಡಿ. ಪೌಡರ್ ಬೇಡ, ಫ್ಲಾಶ್ ಬೇಡ, ಜಗಲಿಯ ತಂಪು ಬೆಳಕು ಸಾಕು. ಸುಕ್ಕು, ಮಚ್ಚೆ ಎಲ್ಲ ಇರಲಿ. ನಾಳೆ ಈ ಮುಖವನ್ನು ಏನು ಮಾಡಬಹುದು, ಏನು ಮಾಡಬಾರದು ಅಂತ ಅವರನ್ನೇ ಒಂದು ಮಾತು ಕೇಳಿಟ್ಟುಕೊಳ್ಳಿ.